ಜಾತಿ ಕೇಳದ ವಠಾರ

ತಿ. ನರಸೀಪುರ
3 ಜೂನ್ 1998

ಪ್ರೀತಿಯ ಕವನ,

ಕೊನೆಗೂ ನಿನಗೆ ಮನೆ ಸಿಕ್ಕಿತು ಕಣೇ! ನಂಜನಗೂಡಿನಿಂದ ನಮ್ಮಪ್ಪನ ಕಾಗದ ಇವತ್ತು ಮಧ್ಯಾಹ್ನದ ಟಪಾಲಿಗೆ ಬಂತು. ಸ್ಟಾಫ್ ರೂಮಿನಲ್ಲೇ ಕುಣಿದುಬಿಡುತ್ತಿದ್ದೆ, ಹೆಡ್‌ಮೇಷ್ಟ್ರು ಎದುರಿಗಿದ್ದರು ಅಂತ ಸುಮ್ಮನಾದೆ. ನಮ್ಮ ಸ್ಕೂಲಿನಿಂದ ನಂಜನಗೂಡಿಗೆ ವರ್ಗವಾಯಿತು ಅಂತ ಹಿಗ್ಗಿದವಳು ನೀನು ಏಳು ಮನೆಗಳ ಮೆಟ್ಟಿಲು ಹತ್ತಿ ಇಳಿದೆ. ಏಳು ಕಡೆಯೂ "ನೀವು ಯಾವ ಜನ?" ಅಂತ ಕೇಳಿಸಿಕೊಂಡೆ. ಮೂಗೂರಿನ ಪಕ್ಕದ ನಿಮ್ಮೂರಿನಿಂದ ದಿನಾ ಎರಡು ಬಸ್ಸು ಬದಲಾಯಿಸಿ ಸ್ಕೂಲಿಗೆ ಓಡಾಡುವುದು ಇನ್ನು ಮುಗಿಯಿತು.

ಮನೆ ಕಪಿಲಾತೀರ ಸತ್ಸಂಗ ಮಂಡಳಿಯದು, ಅಪ್ಪ ಕಾರ್ಯದರ್ಶಿಯಾಗಿದ್ದಾರಲ್ಲ, ಅದೇ. ಭಜನೆ ಮಂದಿರದ ಹಿಂದೆಯೇ ಆರು ಮನೆಗಳ ವಠಾರ. ಹೋದ ವರ್ಷ ಸ್ವಾತಂತ್ರ್ಯದ ಐವತ್ತನೇ ವರ್ಷಕ್ಕೆ ಮಂಡಳಿಯ ನಲವತ್ತೊಂದು ಮನೆಯವರೂ ಮಂದಿರದಲ್ಲಿ ನಿಂತು ಪ್ರತಿಜ್ಞೆ ಮಾಡಿದರಲ್ಲ, ಪತ್ರಿಕೆಯಲ್ಲಿ ಬಂದದ್ದನ್ನು ನಿನಗೆ ತೋರಿಸಿದ್ದೆ. "ದೇವರ ಮುಂದೆ ನಾವೆಲ್ಲ ಒಂದೇ. ಭಜನೆಯಲ್ಲಿ, ಊಟದ ಸಾಲಿನಲ್ಲಿ, ನಮ್ಮ ಮನೆಗಳಲ್ಲಿ ಯಾರ ಜಾತಿಯನ್ನೂ ಕೇಳುವುದಿಲ್ಲ, ಯಾರಿಗೂ ಬಾಗಿಲು ಮುಚ್ಚುವುದಿಲ್ಲ." ಈ ಒಕ್ಕಣೆ ನನ್ನದೇ ಅಂತ ನಿನ್ನ ಹತ್ತಿರ ಎಷ್ಟು ಸಲ ಕೊಚ್ಚಿಕೊಂಡಿಲ್ಲ! ಈಗಲೂ ಪ್ರತಿ ಶನಿವಾರ ಮಂಗಳಾರತಿಗೆ ಮೊದಲು ಅದನ್ನು ಓದುತ್ತಾರೆ. ಅಂಥ ಜಾಗಕ್ಕೆ ನೀನು ಹೋಗುತ್ತಿದ್ದೀಯ ಅಂತ ನನಗೆ ಹೇಳಲಾರದಷ್ಟು ಸಂತೋಷ.

ಒಂದೆರಡು ಸಣ್ಣ ವಿಷಯ. ಗೋಡೆಗೆ ಈಗ ತಾನೇ ಸುಣ್ಣ ಬಳಿದಿದ್ದಾರೆ, ಸದ್ಯಕ್ಕೆ ಮೊಳೆ ಹೊಡೆಯಬೇಡ. ನಿನ್ನ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ ನಾಲ್ಕು ದಿನ ಟ್ರಂಕಿನಲ್ಲೇ ಇರಲಿ. ಮೊಟ್ಟೆಗಿಟ್ಟೆ ಬೇಯಿಸಬೇಡ ಕಣಮ್ಮ, ಮಂದಿರದ ಪಕ್ಕ ಅಂತ ಹೇಳಿದೆ, ಬೇರೇನೂ ಅಲ್ಲ.

ನಾನೇ ಬಂದು ಹಾಲು ಉಕ್ಕಿಸಬೇಕಿತ್ತು. ಮತದಾರರ ಪಟ್ಟಿಯ ಡ್ಯೂಟಿ ತಲೆಗೆ ಕಟ್ಟಿದ್ದಾರೆ. ಬರುವ ತಿಂಗಳು ಖಂಡಿತ ಬರುತ್ತೇನೆ.

ನಿನ್ನ
ವಾಣಿ


ನಂಜನಗೂಡು
14 ಜೂನ್ 1998

ಪ್ರೀತಿಯ ವಾಣಿ,

ಹಾಲು ಉಕ್ಕಿತು. ಉಕ್ಕಿಸಿದ್ದು ಪಕ್ಕದ ಮನೆಯ ತಂಗಮ್ಮನವರು. ಅವರೇ ಹಾಲು ತಂದು, ಅವರೇ ಒಲೆ ಹಚ್ಚಿ, ಅವರೇ ಎರಡು ಲೋಟಕ್ಕೆ ಬಗ್ಗಿಸಿ, ನನ್ನ ಮನೆಯಲ್ಲಿ ನನಗೇ ಉಪಚಾರ ಮಾಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಈಗ ಕೇಳುತ್ತಾರೆ, ಇನ್ನೊಂದು ಗಳಿಗೆಗೆ ಕೇಳುತ್ತಾರೆ ಅಂತ. ಕೇಳಲೇ ಇಲ್ಲ ಕಣೇ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ನಗಬೇಡ, ಯಾರಿಗೂ ಹೇಳಲೂಬೇಡ.

ತಂಗಮ್ಮನವರಿಗೆ ನಾಲಿಗೆ ತುರಿಸುವುದು ಬೇರೆ ಮಾತು. ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು, "ನಿಮ್ಮ ಕಡೆ ಮದುವೇಲಿ ಮೊದಲ ದಿನ ಏನು ಶಾಸ್ತ್ರ ಮಾಡ್ತೀರಿ?", "ನಿಮ್ಮ ಮನೆದೇವ್ರು ಯಾವ ಬೆಟ್ಟದ್ದು?" ಅಂತ ಸುತ್ತಿ ಬಳಸಿ ಬರುತ್ತಾರೆ. ಹತ್ತಿರ ಬಂದು, ಪ್ರತಿಜ್ಞೆ ನೆನಪಾಗಿ, "ನಮಗ್ಯಾಕಮ್ಮ" ಅಂತ ತಾವೇ ತಪ್ಪಿಸಿಕೊಳ್ಳುತ್ತಾರೆ. ಪಾಪ ಅನ್ನಿಸುತ್ತದೆ. ನೇರವಾಗಿ ಕೇಳಿದ್ದರೆ ಹೇಳುತ್ತಿದ್ದೆ. ಕೇಳದೆ ಇರುವಾಗ ನಾನಾಗಿ ಡಂಗುರ ಹೊಡೆಯುವುದು ಯಾಕೆ? ಈ ಸುಖ ನನಗೂ ಹೊಸದು, ನಾಲ್ಕು ದಿನ ಇರಲಿ ಬಿಡು.

ಇನ್ನೊಂದು ಸಮಾಚಾರ. ಅವ್ವನ ಎರಡು ಕಣ್ಣಿಗೂ ಪೊರೆ ಬಂದಿದೆ, ಎಡಗಣ್ಣಿಗೆ ಜಾಸ್ತಿ. ಇಲ್ಲಿ ಜುಲೈ 26ಕ್ಕೆ ಕಣ್ಣಿನ ಶಿಬಿರವಂತೆ, ಹೆಸರು ಬರೆಸಿ ಬಂದೆ. ತಮ್ಮ ಪ್ರೇಮ್‌ಕುಮಾರ್ ಎರಡು ದಿನ ಮೊದಲೇ ಕರೆತರುತ್ತಾನೆ. ಆಪರೇಷನ್ ಆದ ಮೇಲೆ ಹೊಗೆಯ ಹತ್ತಿರ ಹೋಗಬಾರದು ಅಂತಾರೆ, ಊರಿನಲ್ಲಿ ಸೌದೆ ಒಲೆ. ಹಾಗಾಗಿ ಇಲ್ಲೇ ಇರಿಸಿಕೊಳ್ಳುತ್ತೇನೆ, ಆಮೇಲೂ ಕಳಿಸುವ ಮನಸ್ಸಿಲ್ಲ. ಅವ್ವ ಆಗಲೇ ಕೇರಿಯೆಲ್ಲ ಹೇಳಿಕೊಂಡು ಬಂದಿದ್ದಾಳಂತೆ: "ನನ್ ಮಗ್ಳು ದ್ಯಾವಸ್ಥಾನದ ಮಗ್ಗುಲಲ್ಲೇ ಮನೆ ಮಾಡವ್ಳೆ ಕಣ್ರವ್ವ, ಅಲ್ಲಿ ಯಾರೂ ಏನೂ ಕೇಳಕ್ಕಿಲ್ವಂತೆ!"

ನಿನ್ನ ಒಕ್ಕಣೆಗೆ ನನ್ನದೊಂದು ನಮಸ್ಕಾರ.

ನಿನ್ನ
ಕವನ


ತಿ. ನರಸೀಪುರ
24 ಜೂನ್ 1998

ಪ್ರೀತಿಯ ಕವನ,

ನಿನ್ನ ಕಾಗದ ಓದಿ ನಾನೂ ಒಂದು ಹನಿ ಅತ್ತೆ, ಲೆಕ್ಕ ಸರಿಹೋಯಿತು.

ಅವ್ವ ಬರುವ ವಿಷಯ ಸಂತೋಷವೇ. ಒಂದೇ ಯೋಚನೆ. ಜುಲೈನಲ್ಲಿ ವಠಾರದ ಹೆಂಚು ತೆಗೆದು ಕೈಯಾಡಿಸುತ್ತಾರೆ ಅಂತ ಅಪ್ಪ ಹೇಳುತ್ತಿದ್ದ ನೆನಪು. ಮನೆಯೆಲ್ಲ ಧೂಳಾಗುತ್ತದೆ, ಆಪರೇಷನ್ ಆದ ಕಣ್ಣಿಗೆ ಒಂದು ಕಣ ಬಿದ್ದರೆ ಗತಿಯೇನು? ಆಗಸ್ಟ್ ಹದಿನೈದಕ್ಕೆ ಪ್ರತಿಜ್ಞೆಯ ವಾರ್ಷಿಕೋತ್ಸವ ಇದೆ, ಅದೊಂದು ಮುಗಿಯಲಿ, ಆಮೇಲೆ ನೆಮ್ಮದಿಯಾಗಿ ಕರೆಸಿಕೋ. ಶಿಬಿರ ಮತ್ತೆ ಬಂದೇ ಬರುತ್ತದೆ. ಪೊರೆ ಚೆನ್ನಾಗಿ ಹಣ್ಣಾದ ಮೇಲೇ ತೆಗೆಸಬೇಕಂತೆ, ನಮ್ಮ ಅತ್ತೆಯವರಿಗೂ ಹಾಗೇ ಮಾಡಿದ್ದು. ನಾನು ನಿನ್ನ ಒಳ್ಳೆಯದಕ್ಕೇ ಹೇಳುತ್ತಿರುವುದು.

ತಂಗಮ್ಮನವರು ಏನು ಕೇಳಿದರೂ ನಕ್ಕುಬಿಡು.

ಬರುವ ತಿಂಗಳು ಅತ್ತೆಯವರಿಗೆ ವ್ರತ, ಮನೆ ಬಿಟ್ಟು ಬರಲಾಗುವುದಿಲ್ಲ.

ನಿನ್ನ
ವಾಣಿ


ನಂಜನಗೂಡು
9 ಜುಲೈ 1998

ಪ್ರೀತಿಯ ವಾಣಿ,

ನೀನು ಹೇಳಿದಂತೆ ಅವ್ವನಿಗೆ ಈಗ ಬೇಡ ಅಂತ ಬರೆದೆ. ಪ್ರೇಮ ಓದಿ ಹೇಳಿದನಂತೆ. ಅವ್ವ ಕಟ್ಟಿಟ್ಟಿದ್ದ ಬಟ್ಟೆಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಹಗ್ಗದ ಮೇಲೆ ಹಾಕಿದಳಂತೆ. ಪ್ರೇಮನಿಗೆ ನನ್ನ ಮೇಲೆ ಸಿಟ್ಟು. "ಎಂಚು ತಗ್ಯೋದಾದ್ರೆ ನಾಕು ದಿನ, ಅವ್ವನ ಕಣ್ಣಿಗೆ ನಾಕು ದಿನ ಇಲ್ವಾ ಅಕ್ಕ?" ಅಂತ ಬರೆದಿದ್ದಾನೆ. ಹೆಂಚಿನವರು ಇನ್ನೂ ಬಂದಿಲ್ಲ. ಯಾವಾಗ ಬರುತ್ತಾರೆ ಅಂತ ನಿಮ್ಮ ತಂದೆಯವರನ್ನು ಒಂದು ಮಾತು ಕೇಳಿ ಬರಿ.

ಮೊನ್ನೆ ಒಂದು ತಮಾಷೆ. ತಂಗಮ್ಮನವರು ಕೋಸಂಬರಿ ತಂದುಕೊಟ್ಟು, "ನೀವು ಶಿವಾಚಾರದವರು, ಹಣೆಗೆ ವಿಭೂತಿ ಇಟ್ಕೊಂಡೇ ಕಾಣೆನಲ್ಲ, ಈಗಿನ ಹುಡುಗೀರು ಎಲ್ಲಾ ಬಿಟ್ರಿ" ಅಂತ ಅಂದುಬಿಟ್ಟರು. ನನ್ನನ್ನು ಶಿವಾಚಾರದವಳು, ಲಿಂಗಾಯತರ ಹುಡುಗಿ ಅಂತ ಅವರಿಗೆ ಹೇಳಿದವರು ಯಾರು? ನಾನಂತೂ ಹೇಳಿಲ್ಲ. ನೀನು ಹೇಳಿದಂತೆ ನಕ್ಕುಬಿಟ್ಟೆ. ನಕ್ಕ ಮೇಲೆ ಯಾಕೋ ಸರಿಹೋಗಲಿಲ್ಲ, ಕೋಸಂಬರಿ ಹಾಗೇ ಉಳಿಯಿತು.

ಒಳ್ಳೆಯ ಸುದ್ದಿಯೂ ಇದೆ. ಮಂಡಳಿಯ ಅಧ್ಯಕ್ಷರು ಜಯತೀರ್ಥರು ಬಂದಿದ್ದರು. ನನ್ನ ಕಂಠ ಚೆನ್ನಾಗಿದೆಯಂತೆ, ಹದಿನೈದನೇ ತಾರೀಖು ಪ್ರತಿಜ್ಞೆಯನ್ನು ನಾನೇ ಓದಬೇಕಂತೆ. ನಿನ್ನ ಒಕ್ಕಣೆ, ನನ್ನ ಬಾಯಿ. ಆವತ್ತಾದರೂ ಬರುತ್ತೀಯೋ ಇಲ್ಲವೋ? ನರಸೀಪುರದಿಂದ ಇಲ್ಲಿಗೆ ಒಂದೇ ಬಸ್ಸು.

ನಿನ್ನ
ಕವನ


ತಿ. ನರಸೀಪುರ
15 ಜುಲೈ 1998

ಕವನ,

ಆತುರದಲ್ಲಿ ಬರೆಯುತ್ತಿದ್ದೇನೆ. ಪ್ರತಿಜ್ಞೆ ನೀನೇ ಓದು, ಬಹಳ ಒಳ್ಳೆಯದಾಯಿತು. ಆ ನೀಲಿ ಅಂಚಿನ ಸೀರೆ ಉಟ್ಟುಕೋ. ತಂಗಮ್ಮನವರ ಜತೆ ವಾದ ಬೇಡ, ಅವರು ಏನಾದರೂ ಅಂದುಕೊಳ್ಳಲಿ, ನಿನಗೇನು ನಷ್ಟ? ಹೆಂಚಿನ ವಿಷಯ ಅಪ್ಪನ ಹತ್ತಿರ ಎತ್ತಬೇಡ, ಅವರಿಗೆ ವಾರ್ಷಿಕೋತ್ಸವದ ಕೆಲಸವೇ ಕತ್ತಿನ ತನಕ ಇದೆ.

ವಾಣಿ


ನಂಜನಗೂಡು
30 ಜುಲೈ 1998

ಶ್ರೀಮತಿ ಶ್ರೀವಾಣಿಯವರಿಗೆ,

ಇಪ್ಪತ್ತಾರನೇ ತಾರೀಖು ಇಲ್ಲಿ ಶಿಬಿರ ನಡೆಯಿತು. ನಾನು ಊರಿಗೆ ಹೋಗಿದ್ದೆ. ಅವ್ವನ ಎಡಗಣ್ಣು ಕೆಂಪಗೆ ಊದಿಕೊಂಡಿದೆ, ಆ ಕಡೆಯ ಅರ್ಧ ತಲೆ ಸಿಡಿಯುತ್ತದಂತೆ, ಎರಡು ದಿನದಿಂದ ವಾಂತಿ. ಹರಳೆಣ್ಣೆಯ ಬಟ್ಟೆ ಕಟ್ಟಿಕೊಂಡು ಮೂಲೆಯಲ್ಲಿ ಕುಳಿತಿದ್ದಳು. ನನ್ನ ದನಿ ಕೇಳಿ ಅವಳು ಮೊದಲು ಅಂದ ಮಾತು ಇದು: "ನಾ ಬಂದ್ರೆ ನಿಂಗೆ ನಾಚ್ಕೆ ಆಯ್ತದೇನವ್ವ? ಆಯ್ತದೆ ಅಂದ್ರೆ ಯೋಳ್ಬುಡು, ನಾ ಬರಕ್ಕಿಲ್ಲ." ಹೆಂಚು ಅಂದೆ, ಧೂಳು ಅಂದೆ. ಅವಳು ನಂಬಲಿಲ್ಲ, ಆಸ್ಪತ್ರೆಗೆ ನಡಿ ಅಂದರೂ ಏಳಲಿಲ್ಲ. ನನ್ನ ಮಾತು ನನಗೇ ಸುಳ್ಳು ಅನ್ನಿಸುತ್ತಿತ್ತು, ಅವಳು ಹೇಗೆ ನಂಬಿಯಾಳು?

ಬರುವಾಗ ನರಸೀಪುರದಲ್ಲಿ ಇಳಿದು ನಿಮ್ಮ ಮನೆಯ ಕಡೆ ನಡೆದೆ. ಅರ್ಧ ದಾರಿಗೆ ತಿರುಗಿ ಬಸ್ ಸ್ಟ್ಯಾಂಡಿಗೆ ಬಂದೆ. ಮೊದಲು ನಿಮ್ಮ ತಂದೆಯವರನ್ನು ಕೇಳೋಣ ಅನ್ನಿಸಿತು.

ಕೇಳಿದೆ. ನಿಮ್ಮ ತಂದೆ ಬದರೀನಾರಾಯಣ ಮೇಷ್ಟ್ರು, "ಯಾವ ಹೆಂಚಮ್ಮ? ಹೋದ ವರ್ಷ ತಾನೇ ಕೈಯಾಡಿಸಿದ್ವಲ್ಲ" ಅಂದರು. ಅವರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, "ವಾಣಿ ನಿನಗೆ ಬರೆದಿಲ್ಲವೇನಮ್ಮ?" ಅಂದರು. ಆಮೇಲೆ ಎಲ್ಲ ಹೇಳಿದರು. ಮನೆ ಕೊಡುವಾಗ ಕಮಿಟಿಯಲ್ಲಿ ಜಯತೀರ್ಥರು ಜಾತಿ ಕೇಳಲಿಲ್ಲ, "ಹುಡುಗಿ ಹೇಗೆ?" ಅಂತ ಮಾತ್ರ ಕೇಳಿದರಂತೆ. ನಿಮ್ಮ ತಂದೆ, "ನಮ್ಮ ವಾಣಿ ಮನೇಲಿ ಊಟ ಮಾಡಿಕೊಂಡಿದ್ದ ಹುಡುಗಿ" ಅಂದರಂತೆ. ಕಮಿಟಿಯವರಿಗೆ ಅಷ್ಟೇ ಸಾಕಾಯಿತಂತೆ. ಉಳಿದದ್ದನ್ನು ಅವರವರೇ ಊಹಿಸಿಕೊಂಡರಂತೆ. ಆ ಮಾತನ್ನು ನೀವೇ ಕಾಗದದಲ್ಲಿ ಬರೆದುಕೊಟ್ಟಿದ್ದಿರಂತೆ.

ಮೂರು ವರ್ಷ ಒಂದೇ ಸ್ಕೂಲಿನಲ್ಲಿ ಇದ್ದೆವು. ನಿಮ್ಮ ಮನೆಗೆ ಹತ್ತಾರು ಸಲ ಬಂದಿದ್ದೇನೆ. ಪ್ರತಿ ಸಲವೂ ಹಜಾರದ ಕುರ್ಚಿ, ಬಾಳೆಹಣ್ಣು, "ಅತ್ತೆ ಮಲಗಿದ್ದಾರೆ" ಅನ್ನುವ ಮಾತು. ನಿಮ್ಮ ಅಡುಗೆಮನೆ ಯಾವ ದಿಕ್ಕಿಗಿದೆ ಅಂತಲೂ ನನಗೆ ಗೊತ್ತಿಲ್ಲ. ನಾನು ನಿಮ್ಮ ಮನೆಯಲ್ಲಿ ಊಟ ಮಾಡಿದ ದಿನ ಯಾವುದು? ತಾರೀಖು ತಿಳಿಸಿ.

ಈ ಕಾಗದ ಬರೆಯುವ ಮೊದಲು ಗೋಡೆಗೆ ಎರಡು ಮೊಳೆ ಹೊಡೆದಿದ್ದೇನೆ.

ಕವನ


ತಿ. ನರಸೀಪುರ
5 ಆಗಸ್ಟ್ 1998

ಕವನ,

'ಶ್ರೀಮತಿ' ಅಂತೆ, 'ತಿಳಿಸಿ' ಅಂತೆ. ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ನಾನೇನು ತಪ್ಪು ಮಾಡಿದೆ ಹೇಳು? ನೀನು ಬಿಸಿಲಲ್ಲಿ ಏಳು ಮನೆ ತಿರುಗಿ ಬಂದು ನಮ್ಮ ಸ್ಟಾಫ್ ರೂಮಿನ ಬೆಂಚಿನ ಮೇಲೆ ಕುಕ್ಕರಿಸಿದ್ದು ನೋಡಲಾರದೆ ಬರೆದೆ. ನಿನ್ನ ಜಾತಿ ಇಂಥದ್ದು ಅಂತ ಸುಳ್ಳು ಹೇಳಲಿಲ್ಲ. ಕೇಳಬಾರದು ಅಂತ ಅವರೇ ಪ್ರತಿಜ್ಞೆ ಮಾಡಿದ್ದಾರೆ, ಕೇಳದ ಮೇಲೆ ಹೇಳುವ ಅಗತ್ಯ ನಮಗೇನಿತ್ತು? ನಲವತ್ತೊಂದು ಮನೆಯವರಲ್ಲಿ ಮೂವತ್ತು ಜನಕ್ಕೆ ಅದು ಬಾಯಿಮಾತು ಅಂತ ಅಪ್ಪನಿಗೂ ಗೊತ್ತು, ನನಗೂ ಗೊತ್ತು. ಮೊದಲು ನಿನ್ನನ್ನು ನೋಡಲಿ, ನಿನ್ನ ಜತೆ ಒಡನಾಡಲಿ, ದೀಪಾವಳಿಯ ಹೊತ್ತಿಗೆ ನೀನು ಅವರ ಮನೆಮಗಳಾಗಿರುತ್ತೀಯ, ಆಮೇಲೆ ಗೊತ್ತಾದರೆ ಯಾರೂ ತುಟಿ ಬಿಚ್ಚುವುದಿಲ್ಲ ಅಂತ ಅಪ್ಪನೂ ನಾನೂ ಯೋಚನೆ ಮಾಡಿದೆವು. ಅವ್ವ ಬಂದರೆ ಅವರ ಮಾತಿನಲ್ಲೇ ಎಲ್ಲ ಗೊತ್ತಾಗಿಬಿಡುತ್ತದೆ ಅಂತ ಹೆದರಿ ಹೆಂಚು ಅಂದೆ. ಅದೊಂದು ಸುಳ್ಳು, ಒಪ್ಪುತ್ತೇನೆ.

ನೀನು ಕೇಳಿದ ಊಟದ ತಾರೀಖು ಇಲ್ಲವೇ ಇಲ್ಲ. ನಮ್ಮ ಅತ್ತೆಯವರನ್ನು ನೀನು ಕಂಡಿದ್ದೀಯ. ಸ್ಕೂಲಿನಲ್ಲಿ ನಿನ್ನ ಡಬ್ಬಿಯ ಮುದ್ದೆ ಕಿತ್ತು ತಿಂದವಳು ನಾನಲ್ಲವೇ?

ಕೈ ಮುಗಿದು ಕೇಳುತ್ತೇನೆ, ಹದಿನೈದನೇ ತಾರೀಖು ಓದಿ ಸುಮ್ಮನೆ ಕೆಳಗಿಳಿ. ಒಂದು ಮಾತೂ ಹೆಚ್ಚಿಗೆ ಆಡಬೇಡ. ಮನೆ ಹೋಗುತ್ತದೆ, ಅಪ್ಪನ ಮಾನವೂ ಹೋಗುತ್ತದೆ. ಆಮೇಲೆ ಅವ್ವನನ್ನು ಎಲ್ಲಿಗೆ ಕರೆಸಿಕೊಳ್ಳುತ್ತೀಯ?

ವಾಣಿ


ನಂಜನಗೂಡು
18 ಆಗಸ್ಟ್ 1998

ವಾಣಿ,

ನೀನು ಬರುತ್ತೀಯೇನೋ ಅಂತ ಮಂದಿರದ ಬಾಗಿಲ ಕಡೆ ಎರಡು ಸಲ ನೋಡಿದೆ. ಬಂದಿದ್ದರೆ ಬಹುಶಃ ನಿನ್ನ ಮುಖ ನೋಡಿ ಸುಮ್ಮನಾಗುತ್ತಿದ್ದೆ.

ಮಂದಿರ ತುಂಬಿತ್ತು, ಹೊರಗೆ ಶಾಮಿಯಾನದಲ್ಲೂ ಜನ. ಜಯತೀರ್ಥರು ನನ್ನನ್ನು ಕರೆದು ಮೈಕು ಸರಿಮಾಡಿಕೊಟ್ಟರು. ನಾನು ಒಂದೊಂದು ಸಾಲು ಹೇಳುವುದು, ಎಲ್ಲರೂ ಕೈ ಮುಂದೆ ಚಾಚಿ ಅದನ್ನೇ ಹೇಳುವುದು. "ಯಾರ ಜಾತಿಯನ್ನೂ ಕೇಳುವುದಿಲ್ಲ" ಅಂದೆ. ಅಷ್ಟು ಜನರ ದನಿ ಒಟ್ಟಿಗೆ ಎದ್ದಾಗ, ಸುಳ್ಳು ಹೇಳಬಾರದು, ನನಗೆ ಮೈ ಝುಂ ಅಂದಿತು. "ಯಾರಿಗೂ ಬಾಗಿಲು ಮುಚ್ಚುವುದಿಲ್ಲ" ಅಂದೆ. ಅದನ್ನೂ ಹೇಳಿದರು. ಇಳಿದು ಬರಬೇಕಿತ್ತು. ಬರಲಿಲ್ಲ.

"ನನ್ನನ್ನು ಇಲ್ಲಿ ಯಾರೂ ಜಾತಿ ಕೇಳಲಿಲ್ಲ, ಅದಕ್ಕೆ ನಿಮಗೆಲ್ಲ ನಮಸ್ಕಾರ. ಆದರೆ ನನ್ನನ್ನು ಬೇರೆ ಯಾರೋ ಅಂದುಕೊಂಡಿದ್ದೀರಿ. ನಾನು ಆದಿಕರ್ನಾಟಕದವಳು. ನಮ್ಮ ಮನೆ ಕೇರಿಯಲ್ಲಿದೆ, ನಾವು ಬುದ್ಧನನ್ನು ನಂಬುವವರು. ನಮ್ಮವ್ವ ಮರಿತಾಯಮ್ಮ ಕೂಲಿ ಮಾಡಿ ನನ್ನನ್ನು ಓದಿಸಿದಳು. ಅವಳಿಗೆ ಕಣ್ಣು ಕಾಣುವುದಿಲ್ಲ, ನನ್ನ ಜತೆ ಇಲ್ಲೇ ಇರಲು ಬರುತ್ತಾಳೆ" ಅಂದೆ. ಇಷ್ಟೇ ಅಂದದ್ದು.

ಯಾರೂ ಬೈಯಲಿಲ್ಲ. ಬೈದಿದ್ದರೆ ನನಗೆ ಗೊತ್ತಿರುವ ದಾರಿ ಅದು. ಒಬ್ಬರೂ ಕೈ ಇಳಿಸಲಿಲ್ಲ, ಚಾಚಿದ ಕೈ ಚಾಚಿದ ಹಾಗೇ ನಿಂತಿದ್ದರು. ಜಯತೀರ್ಥರು ಮೈಕಿನ ಹತ್ತಿರ ಬಂದು, "ಇಲ್ಲಿ ಯಾರಮ್ಮ ಕೇಳಿದ್ರು ನಿಮ್ಮನ್ನ? ವರ್ಷದಿಂದ ನಾವು ಬಾಯಿಬಿಡದ ಮಾತನ್ನ ದೇವರ ಮುಂದೆ ತಂದುಬಿಟ್ರಲ್ಲ!" ಅಂದರು. ಅವರಿಗೆ ನಿಜವಾಗಿಯೂ ದುಃಖವಾಗಿತ್ತು ಕಣೇ, ಕಣ್ಣು ಒದ್ದೆಯಾಗಿತ್ತು. ಪ್ರತಿಜ್ಞೆ ಮುರಿದವಳು ನಾನು ಅಂತ ಅವರು ನಂಬಿದ್ದಾರೆ. ನಿಮ್ಮ ತಂದೆ ಹಾರ್ಮೋನಿಯಂ ಪಕ್ಕ ಕುಳಿತಿದ್ದರು. ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ನಲ್ಲಿ ಬಂದಾಗ ನಾನು ಬಿಂದಿಗೆ ತುಂಬಿಕೊಂಡೆ. ನನ್ನ ಹಿಂದಿನವರು ನಲ್ಲಿಯ ಬಾಯಿಗೆ ಒಂದು ಚೊಂಬು ನೀರು ಎರಚಿ ಆಮೇಲೆ ತಮ್ಮ ಕೊಡ ಇಟ್ಟರು. ಅದು ತಂಗಮ್ಮನವರು.

ನಿನ್ನೆ ನೋಟೀಸು ಬಂತು. "ಠರಾವಿಗೆ ವಿರುದ್ಧವಾಗಿ ಮಂದಿರದಲ್ಲಿ ಜಾತಿ ಪ್ರಸ್ತಾಪ ಮಾಡಿದ ಕಾರಣ" ಒಂದು ತಿಂಗಳಲ್ಲಿ ಮನೆ ಖಾಲಿ ಮಾಡಬೇಕು. ನನ್ನ ಜಾತಿಗಾಗಿ ಬಿಡಿಸುತ್ತಿಲ್ಲ, ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಬಿಡಿಸುತ್ತಿದ್ದಾರೆ. ಕೆಳಗೆ ಕಾರ್ಯದರ್ಶಿಯ ಸಹಿ ಇದೆ. ಅಕ್ಷರ ನಡುಗಿದೆ, ಆದರೆ ಓದಬಹುದು.

ಪ್ರೇಮ ಬಂದು ಕುಣಿದಾಡಿದ. "ಸ್ಟೇಷನ್‌ಗೆ ಓಗವ ನಡಿ ಅಕ್ಕ, ಕೇಸು ಜಡಿಯವ" ಅಂತಾನೆ. ತಡೆದಿದ್ದೇನೆ. ಎಷ್ಟು ದಿನ ತಡೆಯುತ್ತೇನೋ ಗೊತ್ತಿಲ್ಲ.

ನೀನು ಕೇಳಿದ್ದೆಯಲ್ಲ, ಅವ್ವನನ್ನು ಎಲ್ಲಿಗೆ ಕರೆಸಿಕೊಳ್ಳುತ್ತೀಯ ಅಂತ. ಇಲ್ಲಿಗೇ ಕರೆಸಿಕೊಳ್ಳುತ್ತೇನೆ.

ಕವನ


ತಿ. ನರಸೀಪುರ
6 ಸೆಪ್ಟೆಂಬರ್ 1998

ಕವನ,

ಹದಿನೈದು ದಿನ ನಿನಗೆ ಬರೆಯಲಾಗಲಿಲ್ಲ. ನಾಲ್ಕು ಕಾಗದ ಬರೆದು ಹರಿದೆ.

ಅಪ್ಪನ ಸಹಿಯ ಸುದ್ದಿ ಓದಿ ನಾಚಿಕೆಯಾಯಿತು. ಅವರಿಗೆ ಬೈದು ಬರೆಯೋಣ ಅಂತ ಕೂತೆ. ಬೈಯಲು ನನಗೆ ಯಾವ ಯೋಗ್ಯತೆ? ಕೊನೆಗೆ ಕಮಿಟಿಗೇ ಬರೆದೆ. ಕವನಳ ಜಾತಿ ನನಗೂ ನನ್ನ ತಂದೆಗೂ ಮೊದಲಿಂದ ಗೊತ್ತಿತ್ತು, ಅವಳು ನಮ್ಮ ಮನೆಯಲ್ಲಿ ಎಂದೂ ಊಟ ಮಾಡಿಲ್ಲ, ಮಾಡಲು ನಾವು ಕರೆದಿಲ್ಲ, ಮುಚ್ಚಿಟ್ಟವರು ನಾವು, ಬಿಡಿಸುವುದಾದರೆ ನಮ್ಮನ್ನು ಮಂಡಳಿಯಿಂದ ಬಿಡಿಸಿ ಅಂತ. ಅತ್ತೆಯವರು ನೋಡುತ್ತಿದ್ದ ಹಾಗೇ ಅಂಟಿಸಿ ಪೋಸ್ಟಿಗೆ ಹಾಕಿದೆ. ಅವರು ನನ್ನ ಜತೆ ಮಾತು ಬಿಟ್ಟಿದ್ದಾರೆ.

ಹೋದ ಭಾನುವಾರ ಮೀಟಿಂಗಿನಲ್ಲಿ ಅಪ್ಪ ಅದನ್ನು ಎದ್ದು ನಿಂತು ಓದಿದರಂತೆ. "ಇದರಲ್ಲಿರೋದೆಲ್ಲ ನಿಜ, ನನ್ನ ಸಹಿ ವಾಪಸ್ ತಗೋತೀನಿ" ಅಂದರಂತೆ. ಹದಿನಾಲ್ಕು ಜನ ಎದ್ದು ಹೋದರು. ಹನ್ನೊಂದು ಜನ ಅಪ್ಪನ ಪಕ್ಕ ಕುಳಿತರು. ಉಳಿದವರು ನೆಲ ನೋಡುತ್ತಿದ್ದರಂತೆ. ನೋಟೀಸಿನ ವಿಷಯ ಏನೂ ತೀರ್ಮಾನವಾಗಲಿಲ್ಲ. ಅಪ್ಪ ಈಗ ಕಾರ್ಯದರ್ಶಿಯಲ್ಲ.

ಇದರ ಜತೆ ಇನ್ನೊಂದು ಹಾಳೆ ಇಟ್ಟಿದ್ದೇನೆ, ನಿಮ್ಮವ್ವನಿಗೆ. ಅವರನ್ನು ಬರಬೇಡಿ ಅಂದದ್ದು ನೀನಲ್ಲ, ನಾನು ಅಂತ ಬರೆದಿದ್ದೇನೆ. ಅವರಿಗೆ ಓದಲು ಬರುವುದಿಲ್ಲವಲ್ಲ, ನೀನೇ ಒಂದು ಸಲ ನಿಧಾನವಾಗಿ ಓದಿ ಹೇಳು. ಅವರ ಕಣ್ಣು ಈಗ ಹೇಗಿದೆ? ಯಾಕೆ ಅದರ ಬಗ್ಗೆ ಏನೂ ಬರೆಯಲಿಲ್ಲ?

ನಿನ್ನ ಅಂತ ಬರೆಯಲು ಧೈರ್ಯ ಸಾಲದು.

ವಾಣಿ


ನಂಜನಗೂಡು
16 ಸೆಪ್ಟೆಂಬರ್ 1998

ವಾಣಿ,

ನೋಟೀಸಿಗೆ ನಾಳೆ ಒಂದು ತಿಂಗಳು. ನಾನು ಹೋಗುವುದಿಲ್ಲ ಅಂತ ಬರೆದುಕೊಟ್ಟಿದ್ದೇನೆ. ನಾಳೆ ಬಾಗಿಲಿಗೆ ಯಾರು ಬರುತ್ತಾರೋ, ಏನು ಹೇಳುತ್ತಾರೋ ತಿಳಿಯದು. ನಿಮ್ಮ ತಂದೆ ನಿನ್ನೆ ಸಂಜೆ ಬಂದು, ಬೆಳಿಗ್ಗೆಯಿಂದಲೇ ನಮ್ಮ ಜಗಲಿಯ ಮೇಲೆ ಕೂರುತ್ತೇನೆ ಅಂತ ಹೇಳಿ ಹೋದರು. ಪ್ರೇಮ ಅವರಿಗೆ ಕುರ್ಚಿ ಹಾಕಿದ, ಮಾತಾಡಿಸಲಿಲ್ಲ.

ಅವ್ವ ಬಂದು ಎರಡು ವಾರವಾಯಿತು. ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಎಡಗಣ್ಣು ಹೋಯಿತು ವಾಣಿ. ಪೊರೆ ಉಬ್ಬಿ ಒಳಗೆ ಒತ್ತಡ ಏರಿ ನರ ಸತ್ತಿದೆಯಂತೆ. ಜುಲೈನಲ್ಲಿ ತೆಗೆಸಿದ್ದರೆ ಉಳಿಯುತ್ತಿತ್ತು, ಹಣ್ಣಾಗಲಿ ಅಂತ ಕಾಯಿಸಿದವರು ಯಾರು ಅಂತ ಡಾಕ್ಟರು ನನ್ನನ್ನೇ ಬೈದರು. ಬೈಸಿಕೊಂಡೆ. ಬರೆದವಳು ನೀನಾದರೂ ಕೇಳಿ ನಿಲ್ಲಿಸಿದವಳು ನಾನು. ಬಲಗಣ್ಣಿಗೆ ಸೋಮವಾರ ಆಪರೇಷನ್ ಆಯಿತು, ಅದು ಬರುತ್ತದೆ ಅಂದಿದ್ದಾರೆ.

ತಂಗಮ್ಮನವರು ನಿನ್ನೆ ಹೊಸ್ತಿಲ ಆಚೆ ನಿಂತು, "ನಿಮ್ಮಮ್ಮನಿಗೆ ಹೇಗಿದೆ?" ಅಂತ ಕೇಳಿದರು. ಒಳಗೆ ಬರಲಿಲ್ಲ. ಅವ್ವ ಒಳಕೋಣೆಯಿಂದಲೇ, "ಯಾರವ್ವ ಅದು, ಬಾ ಕೂತ್ಕೊ ಬಾ" ಅಂತ ಕರೆದಳು. ಅವರು ಒಂದು ಗಳಿಗೆ ನಿಂತಿದ್ದು ಹೋದರು.

ಕಮಿಟಿಗೆ ನೀನು ಬರೆದ ಕಾಗದದ ನಕಲನ್ನು ನಿಮ್ಮ ತಂದೆ ತೋರಿಸಿದರು. ಚೆನ್ನಾಗಿದೆ. ನಿನ್ನ ಒಕ್ಕಣೆ ಯಾವಾಗಲೂ ಚೆನ್ನಾಗಿರುತ್ತದೆ. ಅದಕ್ಕೆ ನಿನಗೇನು ಬೆಲೆ ಬಿತ್ತು ಅಂತಲೂ ಬಲ್ಲೆ. ಆದರೂ ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಇಳಿದಿದೆ ಅಂತ ಬರೆದರೆ ಅದು ಇನ್ನೊಂದು ಹೆಂಚಿನ ಕತೆಯಾಗುತ್ತದೆ. ಸಿಟ್ಟಿನ ಜತೆಗೇ ನಿನ್ನ ನೆನಪೂ ಬರುತ್ತದೆ, ಅದೇ ನನಗೆ ದೊಡ್ಡ ಕಷ್ಟ.

ಅವ್ವನಿಗೆ ಅಂತ ನೀನು ಇಟ್ಟಿದ್ದ ಹಾಳೆಯನ್ನು ವಾಪಸ್ ಕಳಿಸಿದ್ದೇನೆ. ಎರಡು ಸಲ ಕೈಗೆತ್ತಿಕೊಂಡೆ, ಓದಲಿಲ್ಲ, ಓದುವುದೂ ಇಲ್ಲ. ನೀನು ಬರೆದ ಪ್ರತಿಜ್ಞೆಯನ್ನು ಒಂದು ಸಲ ಓದಿದ್ದಾಯಿತು. ಅವ್ವನ ಮುಂದೆ ನಿನ್ನ ಪರವಾಗಿ ಬಾಯಿ ತೆರೆಯಲು ನನ್ನಿಂದ ಆಗದು. ಮಗಳಿಗೆ ತನ್ನನ್ನು ಕಂಡರೆ ನಾಚಿಕೆ ಅಂತ ಅವ್ವ ಇವತ್ತಿಗೂ ಅಂದುಕೊಂಡಿದ್ದಾಳೆ. ಬಾಗಿಲಲ್ಲಿ ಯಾರದಾದರೂ ಹೆಜ್ಜೆ ಕೇಳಿಸಿದರೆ ಸೆರಗು ಹೊದ್ದು ಒಳಕೋಣೆಗೆ ಸರಿಯುತ್ತಾಳೆ, ನನ್ನ ಮಾನ ಕಾಯಲು.

ನೀನು ಬಾ. ಯಾಕೆ ಬರಬೇಡ ಅಂದೆ ಅಂತ ಅವಳಿಗೆ ನೀನೇ ಹೇಳು. ನಾಳೆ ಬೇಡ, ನಾಡಿದ್ದೂ ಬೇಡ. ಬಲಗಣ್ಣಿನ ಕಟ್ಟು ಶನಿವಾರ ಬಿಚ್ಚುತ್ತಾರೆ. ಭಾನುವಾರ ಬಾ. ನೀನು ಹೇಳುವಾಗ ಅವ್ವ ನಿನ್ನ ಮುಖ ನೋಡಬೇಕು.

ಕವನ